ಮೊದಲು ಕೈ, ಆಮೇಲೆ ದನಿ

ಮೊದಲು ಮೇಲೇಳುತ್ತಿದ್ದುದು ಕೈ. ಮಣಿಕಟ್ಟಿನ ತುಂಬ ಹಸಿರು ಗಾಜಿನ ಬಳೆ ತೊಟ್ಟ, ಬೆರಳ ತುದಿಗೆ ಮೆಹಂದಿ ಹಚ್ಚಿದ ಕೈ. ಆಸ್ಪತ್ರೆಯ ವರಾಂಡದಲ್ಲಿ ಕಿಕ್ಕಿರಿದ ತಲೆಗಳ ಮೇಲೆ ಅದು ಬಾವುಟದ ಹಾಗೆ ಏರುತ್ತಿತ್ತು, ಬಳೆಗಳೆಲ್ಲ ಝಲ್ಲೆಂದು ಮೊಣಕೈಗೆ ಜಾರುತ್ತಿದ್ದವು, ಅದಾದ ಮೇಲೆ ದನಿ: "ನಾನಿದೀನಿ ಕಣಮ್ಮಾ!" ಆ ದನಿಯನ್ನು ವರ್ಣಿಸುವುದು ಕಷ್ಟ. ಕೊಬ್ಬರಿ ಗಿಟಕುಗಳನ್ನು ತಗಡಿನ ಮಾಡಿನ ಮೇಲೆ ಉರುಳಿಸಿದರೆ ಹತ್ತಿರ ಹತ್ತಿರ ಬರಬಹುದು. ನೀವು ಎದುರಿಗಿದ್ದಿದ್ದರೆ ಮಾಡಿಯೇ ತೋರಿಸುತ್ತಿದ್ದೆ.

ಏಕೆಂದರೆ ನನ್ನ ಕಸುಬೇ ಅದು. ತುಮಕೂರಿನ ಬೀದಿಗಳಲ್ಲಿ ಮೈಕು ಕಟ್ಟಿಕೊಂಡು ತಿರುಗುವ ಆಟೋಗಳಲ್ಲಿ ಸೀರೆಯ ರಿಯಾಯಿತಿ ಮಾರಾಟಕ್ಕೂ, ಹಾಸಿಗೆ ಅಂಗಡಿಯ ಉದ್ಘಾಟನೆಗೂ ಗಂಟಲು ಹರಿದುಕೊಳ್ಳುವವನು ನಾನು. ಗಂಡಿನ ದನಿಯೂ ನನ್ನದೇ, "ಹೌದೇನ್ರೀ? ಹಾಗಾದ್ರೆ ಇವತ್ತೇ ಹೋಗೋಣ" ಎನ್ನುವ ಹೆಂಡತಿಯ ದನಿಯೂ ನನ್ನದೇ. ನಿಜವಾದ ಹೆಂಡತಿ ಇನ್ನೂ ಸಿಕ್ಕಿಲ್ಲ. ದನಿ ಕೇಳಿಯೇ ಓಡಿಹೋಗುತ್ತಾರೆ.

ಚೇಳೂರಿನಿಂದ ಬಂದು ವಠಾರದಲ್ಲಿ ಕೋಣೆ ಹಿಡಿದಾಗ ಪಕ್ಕದ ಮನೆಯವರೇ ಆ ಕೈಯ ಒಡತಿ, ಖಾಲಾ. ಖಾಲಾ ಎಂದರೆ ಚಿಕ್ಕಮ್ಮ. ಇಡೀ ಬೀದಿಗೆ ಅವರು ಚಿಕ್ಕಮ್ಮನೇ. ಮನೆಯ ಮುಂದಿನ ಕೋಣೆಯಲ್ಲಿ ಬಳೆ ಅಂಗಡಿ, ಅಂಗಡಿಯಲ್ಲಿ ಅವರ ಗಂಡ ಖಾಲೂ. ಬಂದ ವಾರದಲ್ಲೇ ಖಾಲಾ ದನಿಯನ್ನು ಕದ್ದು, ಗೋಡೆಯಾಚೆಯಿಂದ ಖಾಲೂವನ್ನು ಊಟಕ್ಕೆ ಕರೆದೆ. ಪಾಪ, ಅವರು ಕೈ ತೊಳೆದು ಬಂದು ಕೂತರು. ಅನ್ನಕ್ಕೆ ಇನ್ನೂ ಎಸರೇ ಇಟ್ಟಿರಲಿಲ್ಲ. ಅಂದಿನಿಂದ ಖಾಲಾ ಬಾಯಲ್ಲಿ ನನ್ನ ಹೆಸರು "ಗಿಣಿ".

ನಮ್ಮೂರಲ್ಲಿ ಜ್ವರ ಬಂದರೆ ತಟ್ಟುವುದಕ್ಕೆ ಒಂದೇ ಬಾಗಿಲು. ತುಮಕೂರಿನಲ್ಲಿ ಬೀದಿಗೊಂದು ನರ್ಸಿಂಗ್ ಹೋಮು. ಹೊಸದಾಗಿ ಬಂದವನು, ಮೈ ಸುಡುತ್ತಿತ್ತು, ಯಾವ ಬಾಗಿಲಿನ ಗಾಜು ಹೆಚ್ಚು ಹೊಳೆಯುತ್ತಿತ್ತೋ ಅದರೊಳಗೆ ನುಗ್ಗಿದೆ. ಕೌಂಟರಿನ ಹುಡುಗಿ, "ಸರ್, ನಿಮ್ ಅಟೆಂಡರ್ ಎಲ್ಲಿ ಸರ್?" ಎಂದಳು. ಆಫೀಸುಗಳಲ್ಲಿ ಫೈಲು ಹೊರುವವರನ್ನಲ್ಲವೇ ಅಟೆಂಡರ್ ಎನ್ನುವುದು? ನನ್ನನ್ನು ಸಾಹೇಬನೆಂದುಕೊಂಡಳೇನೋ ಎಂದು ಜ್ವರದಲ್ಲೂ ಎದೆಯುಬ್ಬಿತು. ಆಮೇಲೆ ತಿಳಿಯಿತು, ರೋಗಿಯ ಜೊತೆ ಬಂದವರಿಗೆ ಅಲ್ಲಿ ಹಾಗೆನ್ನುತ್ತಾರೆ. ಜೊತೆಗೊಬ್ಬರಿಲ್ಲದೆ ಡ್ರಿಪ್ ಹಾಕಲು ಮಲಗಿಸಿಕೊಳ್ಳುವುದಿಲ್ಲವಂತೆ. ಅಲ್ಲಿಂದ ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋದೆ. ಅಲ್ಲಿ "ಸರ್" ಇಲ್ಲ, "ಏಯ್, ಸರ್ಕೊಳಪ್ಪ" ಇತ್ತು. ಬೆಂಚಿನ ಮೇಲೆ ಉರುಳಿಕೊಂಡೆ. ಸಿಸ್ಟರೊಬ್ಬರು ನನ್ನ ಹಣೆ ಮುಟ್ಟಿ ನೋಡಿ ವರಾಂಡದ ಕಡೆ ಕೂಗಿದರು:

"ಇವ್ನ ಕಡೆಯೋರು ಯಾರ್ರೀ?"

ನೋಡಿ, ಗಾಜಿನ ಬಾಗಿಲೋ ಕಿತ್ತುಹೋದ ಬಾಗಿಲೋ, ಒಳಗೆ ಕೇಳುವ ಪ್ರಶ್ನೆ ಒಂದೇ. ಯಾರೂ ಇಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಗುಂಪಿನ ಹಿಂದುಗಡೆ ಝಲ್ಲೆಂದಿತು, ಕೈ ಎದ್ದಿತು.

"ನಾನಿದೀನಿ ಕಣಮ್ಮಾ! ಏನ್ಲಾ ಗಿಣಿ, ಇವತ್ತು ಯಾರ್ ದನಿಲೂ ಅರ್ಚಕ್ಕೆ ಶಕ್ತಿ ಇಲ್ವಾ?"

ಯಾರದೋ ಸೊಸೆಯ ಜೊತೆಗೆಂದು ಬಂದಿದ್ದ ಖಾಲಾ ನನಗೂ ಒದಗಿದರು. ಅವರ ಕೆಲಸವೇ ಹಾಗೆ. ಯಾರೂ ಕೊಟ್ಟ ಕೆಲಸವಲ್ಲ. ಬೀದಿಯಲ್ಲಿ ಯಾರಿಗೆ ಹುಷಾರು ತಪ್ಪಿದರೂ ಚೀಲಕ್ಕೆ ಒಂದು ಫ್ಲಾಸ್ಕು, ಹಳೇ ಕಾಟನ್ ಸೀರೆಯ ತುಂಡು ತುರುಕಿಕೊಂಡು ಹೊರಟೇಬಿಡುವರು. ವೈದ್ಯದ ಗಂಧಗಾಳಿ ಇರಲಿಲ್ಲ. ಕೆಂಪು ಮಾತ್ರೆ ರಕ್ತಕ್ಕೆ, ಬಿಳಿ ಮಾತ್ರೆ ಮೂಳೆಗೆ, ಹಳದಿ ಮಾತ್ರೆ "ಸುಮ್ನೆ, ಚೆಂದಕ್ಕೆ". ಎಸಿ ಎಷ್ಟು ಕೊರೆಯುತ್ತದೋ ಡಾಕ್ಟರು ಅಷ್ಟು ದೊಡ್ಡವರು. ಖಾಸಗಿ ಆಸ್ಪತ್ರೆಯ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೌಂಟರಿನ ಹುಡುಗಿಯ ಕೈ ಹಿಡಿದು ಬಳೆಯ ಅಳತೆ ನೋಡಿಬಿಡುತ್ತಿದ್ದರು.

ಇದನ್ನೆಲ್ಲ ಅವರೆದುರಿಗೇ ಅಣಕಿಸುತ್ತಿದ್ದೆ. ನಗುತ್ತಿದ್ದರು. ಒಂದು ಸಲ ಮಾತ್ರ, ನಾನು ಸಿಸ್ಟರ್ ಕೂಗುವ ಧಾಟಿಯಲ್ಲಿ "ಇವಳ ಕಡೆಯೋರು ಯಾರ್ರೀ?" ಎಂದಾಗ ನಗಲಿಲ್ಲ. "ನನ್ ಮೊದಲ್ನೇ ಹೆರಿಗೇಲಿ ಕೂಗಿದ್ರು ಕಣೋ. ಕುಣಿಗಲ್ಲಿಂದ ಆಗಿನ್ನೂ ಹೊಸದಾಗ್ ಬಂದಿದ್ದೆ. ಒಬ್ರೂ ಓ ಅನ್ಲಿಲ್ಲ. ನೋವಾದ್ರೂ ಮರ್ತೋಯ್ತು, ಆ ಕೂಗು ಇನ್ನೂ ಹೋಗಿಲ್ಲ." ಖಾಲೂ ಎಲ್ಲಿದ್ದರು ಎಂದು ಕೇಳಿದೆ. "ಗೇಟಲ್ಲೇ ಬಿದ್ದಿದ್ರು. ಆಸ್ಪತ್ರೆ ವಾಸ್ನೆ ಬಂದ್ರೆ ತಲೆ ಸುತ್ತುತ್ತೆ ಅವ್ರಿಗೆ."

ನಮ್ಮ ವಠಾರದ ಮಹಡಿಗೆ ನೇಪಾಳದಿಂದ ಗಂಡಹೆಂಡತಿ ಬಂದರು. ಅವನು ಹೋಟೆಲಿನಲ್ಲಿ ನೂಡಲ್ಸ್ ಹಾರಿಸುವವನು, ಅವಳು ಆಗಷ್ಟೇ ಬಸುರಿ. ಅವಳಿಗಿದ್ದ ಕನ್ನಡವೆಲ್ಲ ಖಾಲಾ ಕಲಿಸಿದ್ದು. ಮೊದಲ ಸ್ಕ್ಯಾನಿಂಗಿಗೆ ಖಾಸಗಿಯವರ ಹತ್ತಿರ, ಆಮೇಲೆ ತಿಂಗಳು ತಿಂಗಳೂ ದೊಡ್ಡಾಸ್ಪತ್ರೆಗೆ, ಎಲ್ಲಕ್ಕೂ ಖಾಲಾನೇ ಜೊತೆ. "ನೋವು ಬಂದಾಗ್ಲೂ ನಾನೇ ಇರ್ತೀನಿ ಕಣವ್ವ" ಎಂದು ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದರು. ಅದೇ ಮಾತನ್ನು ಹಿಂದಿನ ಬೀದಿಯಲ್ಲಿದ್ದ ಗುಬ್ಬಿಯ ಹುಡುಗಿಗೂ ಕೊಟ್ಟಿದ್ದರು. ಖಾಲಾ ಲೆಕ್ಕದಲ್ಲಿ ಇಬ್ಬರಿಗೂ ಬೇರೆ ಬೇರೆ ವಾರ. ಹೊಟ್ಟೆಯೊಳಗಿದ್ದವರಿಗೆ ಆ ಲೆಕ್ಕ ಗೊತ್ತಿರಲಿಲ್ಲ.

ಬೆಳಿಗ್ಗೆ ಗುಬ್ಬಿಯ ಹುಡುಗಿಯ ಜೊತೆ ಖಾಲಾ ಹೆರಿಗೆ ವಾರ್ಡಿನೊಳಗೆ ಹೋದರು. ಹುಡುಗಿಯ ತಾಯಿ ಇನ್ನೂ ಸಿ.ಎಸ್. ಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಧ್ಯಾಹ್ನ ಮಹಡಿಯ ಹುಡುಗಿ ಚೀರಿದಳು. ಅವಳನ್ನು ಆಟೋದಲ್ಲಿ ಕರೆತಂದವರು ಗಂಡ ಮತ್ತು ನಾನು. ವಾರ್ಡಿನ ಬಾಗಿಲ ಪರದೆಯ ಪಕ್ಕದ ಮಂಚದಲ್ಲೇ ಅವಳನ್ನು ಮಲಗಿಸಿದರು. ನಾವಿಬ್ಬರೂ ಪರದೆಯಾಚೆ, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಒಳಗೆ ಸಿಸ್ಟರ್ ಖಾಲಾಗೆ ದಬಾಯಿಸುತ್ತಿದ್ದುದು ಕೇಳಿಸಿತು.

"ಹೋದ್ ವಾರ ಊರ್ಡಿಗೆರೆ ಹುಡ್ಗಿಗೆ ಅತ್ತೆ, ಇವತ್ತು ಗುಬ್ಬಿ ಹುಡ್ಗಿಗೆ ದೊಡ್ಡಮ್ಮ, ಈಗ ನೇಪಾಳಕ್ಕೂ ನೀವೇನಾ ಖಾಲಾ? ಆಗಲ್ಲ, ಒಬ್ರಿಗೆ ಒಬ್ರೇ. ಹಿಡಿದಿರೋ ಕೈ ಬಿಡ್ಬೇಡಿ, ಒಳಗ್ ನಡೀರಿ!" ಎನ್ನುತ್ತ ಗುಬ್ಬಿಯ ಹುಡುಗಿಯ ಜೊತೆ ಅವರನ್ನು ಹೆರಿಗೆ ಕೋಣೆಗೆ ಕಳಿಸಿಬಿಟ್ಟರು. ಆಮೇಲೆ ಪರದೆಯ ಕಡೆ ತಿರುಗಿ ಕೂಗಿದರು:

"ಈ ಹುಡ್ಗಿ ಕಡೆ ಹೆಂಗಸ್ರು ಯಾರ್ರೀ?"

ಗಂಡ ಬೆವರಿಳಿಸುತ್ತ ನಿಂತಿದ್ದ. ಒಳಗೆ ಹುಡುಗಿ "ಆಮಾ, ಆಮಾ" ಎಂದು ತಾಯಿಯನ್ನು ಕರೆಯುತ್ತ ಉಸಿರು ಕಟ್ಟುವ ಹಾಗೆ ಅಳುತ್ತಿದ್ದಳು. ಸಿಸ್ಟರ್ ಮತ್ತೆ ಕೂಗಿದರು. ಆಗ ನನ್ನ ಗಂಟಲು ನನ್ನನ್ನು ಕೇಳದೆ ತೆರೆದುಕೊಂಡಿತು.

"ನಾನಿದೀನಿ ಕಣಮ್ಮಾ!"

ಥೇಟ್ ಖಾಲಾ. ಬಳೆ ಸದ್ದಿಗೆ ಜೇಬಿನಿಂದ ಬೈಕಿನ ಬೀಗದ ಕೈ ಗೊಂಚಲನ್ನು ತೆಗೆದು ಝಲ್ಲೆನಿಸಿದೆ. ಗಂಡ ಹೌಹಾರಿ ನನ್ನ ಬಾಯನ್ನೇ ನೋಡಿದ.

"ಖಾಲಾ? ಆಚೆ ಯಾವಾಗ್ ಹೋದ್ರಿ?" ಎಂದರು ಸಿಸ್ಟರ್, ಕೆಲಸದ ಗಡಿಬಿಡಿಯಲ್ಲಿ. "ಸರಿ, ಅಲ್ಲಿಂದ್ಲೇ ಮಾತಾಡಿಸ್ತಿರಿ. ಡಾಕ್ಟ್ರು ಬರ್ತಾ ಇದಾರೆ."

ಮಾತಾಡಿಸಿದೆ ನೋಡಿ! ಯಾವ ವೇದಿಕೆಯಲ್ಲೂ ಅಂಥ ಕಾರ್ಯಕ್ರಮ ಕೊಟ್ಟಿಲ್ಲ. "ಉಸ್ರು ಎಳ್ಕೊ ಕಣವ್ವ... ಬುಡು... ಏನೂ ಆಗಕ್ಕಿಲ್ಲ, ನಿನ್ ಗಂಡ ಇಲ್ಲೇ ಸಾಯ್ತಾ ನಿಂತವ್ನೆ, ಅವ್ನಿಗಿಂತ ನೀನೇ ವಾಸಿ..." ಅಳು ನಿಧಾನವಾಯಿತು. "ಹಾಂ ಖಾಲಾ... ಹಾಂ ಖಾಲಾ" ಎನ್ನತೊಡಗಿದಳು. ನನಗೋ ಹುಮ್ಮಸ್ಸು ನೆತ್ತಿಗೇರಿತ್ತು. ಬೆಂಚಿನ ಮೇಲಿದ್ದವರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

ಆಗ ಪರದೆಯ ಸಂದಿಯಿಂದ ಒಂದು ಕೈ ಹೊರಗೆ ಬಂತು. ತೆಳ್ಳಗಿನ, ಬೆವೆತ ಕೈ.

"ಖಾಲಾ, ಕೈ ಕೊಡಿ."

ಬೆಂಚಿನ ನಗು ನಿಂತಿತು. ದನಿ ನನ್ನ ಹತ್ತಿರ ಇತ್ತು, ಎಷ್ಟು ಬೇಕಾದರೂ ಇತ್ತು. ಕೈ? ಕೂದಲು ತುಂಬಿದ ಈ ಕೈಯನ್ನು ಮುಟ್ಟಿದೊಡನೆ ಅವಳಿಗೆ ಗೊತ್ತಾಗುತ್ತದೆ, ಖಾಲಾ ಇಲ್ಲ, ತಾನೊಬ್ಬಳೇ ಎಂದು. ಅವಳ ಬೆರಳುಗಳು ಗಾಳಿಯಲ್ಲಿ ಹುಡುಕುತ್ತಿದ್ದವು. "ಖಾಲಾ?" ಎಂದಳು ಮತ್ತೆ. ನಾನು ನನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

ಒಳಗೆಲ್ಲೋ ಹೊಸ ಕೂಸು ಅತ್ತಿತು. ಅದರ ಹಿಂದೆಯೇ ನಿಜವಾದ ಬಳೆಗಳ ಝಲ್ಲು ಪರದೆಯ ಹತ್ತಿರ ಓಡಿಬಂತು. ಹಸಿರು ಬಳೆಯ ಕೈಯೊಂದು ಆ ಬೆರಳುಗಳನ್ನು ಗಪ್ಪನೆ ಹಿಡಿದು ಒಳಗೆಳೆದುಕೊಂಡಿತು. "ಗುಬ್ಬಿದು ಮುಗೀತು ಕಣಮ್ಮಾ, ಅವಳವ್ವನೂ ಬಂದ್ಲು. ಈಗ ನೇಪಾಳದ್ದು!" ಎಂದರು ಖಾಲಾ. "ಮತ್ತೆ ಆಚೆ ಇದ್ದೋರು ಯಾರು?" ಎಂದು ಸಿಸ್ಟರ್ ಪರದೆ ಸರಿಸಿದರು. ಬೀಗದ ಕೈ ಗೊಂಚಲು ಹಿಡಿದು ನಿಂತ ನನ್ನನ್ನು ಕಂಡು ಬಯ್ಯಲು ಬಾಯಿ ತೆರೆದವರು, ತಡೆಯಲಾರದೆ ನಕ್ಕುಬಿಟ್ಟರು.

ಸಂಜೆ ಖಾಲಾ ಮಹಡಿಯ ಹುಡುಗಿಯ ಹೆಣ್ಣುಕೂಸನ್ನು ತಮ್ಮ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ ಹೊರಗೆ ತಂದು ತೋರಿಸಿದರು. ಆಮೇಲೆ ನನ್ನ ತಲೆಗೆ ಮೊಟಕಿದರು. "ಚೆನ್ನಾಗ್ ಅರ್ಚಿದ್ಯಂತೆ. ಆದ್ರೆ ದನಿ ಒಂದೇ ಸಾಕಾಗಕ್ಕಿಲ್ಲ ಕಣ್ಲಾ ಗಿಣಿ. ಮೊದ್ಲು ಕೈ, ಆಮೇಲೆ ದನಿ."

ಮೊನ್ನೆ ಮೊನ್ನೆ ಖಾಲಾ ಯಾರಿಗೂ ಹೇಳದೆ ಕಣ್ಣಿನ ಪೊರೆ ತೆಗೆಸಲು ಕುಣಿಗಲ್ಲಿಗೆ ಹೋದರು. ನಮಗೆಲ್ಲ ಹೇಳಿದ್ದು ಮದುವೆ ಎಂದು. ಆಪರೇಷನ್ ಎಂದರೆ ಹೆರಿಗೆಯ ಹಾಗೆ, ತವರಿನಲ್ಲೇ ಆಗಬೇಕು ಎಂಬುದು ಅವರ ವೈದ್ಯಶಾಸ್ತ್ರ. ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ, ಜೊತೆಗೆ ಖಾಲೂ ಒಬ್ಬರೇ. ಆಸ್ಪತ್ರೆಯ ಗೇಟಿನಿಂದ ಖಾಲೂ ನನಗೆ ಫೋನು ಮಾಡಿದರು: "ಗಿಣಿ, ವಾಸ್ನೆ ಶುರುವಾಯ್ತು. ಬೇಗ ಬಾರಪ್ಪ." ಸೀರೆ ರಿಯಾಯಿತಿಯನ್ನು ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದೆ. ನಾನು ಹೋಗುವಷ್ಟರಲ್ಲಿ ಖಾಲೂವನ್ನು ಒಂದು ಬೆಂಚಿನ ಮೇಲೆ ಮಲಗಿಸಿದ್ದರು. ಒಳಬಾಗಿಲಿಗೆ ಬಂದ ಸಿಸ್ಟರಿಗೆ ನಾವ್ಯಾರೂ ಗೊತ್ತಿರಲಿಲ್ಲ.

"ಆಪರೇಷನ್ ಆದ ಅಜ್ಜಿ ಕಡೆಯೋರು ಯಾರ್ರೀ?"

ಮೊದಲು ಕೈ ಎತ್ತಿದೆ. ಆಮೇಲೆ ಬಾಯಿ ತೆರೆದೆ. ಊರಿನ ದನಿಗಳೆಲ್ಲ ಗಂಟಲಲ್ಲಿದ್ದವನಿಗೆ ಒಂದೂ ಸಿಗಲಿಲ್ಲ. "ನಾನು" ಎಂದೆ. ಹೊರಟದ್ದು ಸಣ್ಣದೊಂದು ದನಿ.

ಒಳಗೆ ಖಾಲಾ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಇನ್ನೊಂದನ್ನು ಹೆದರಿಕೆಗೆ ಬಿಗಿಯಾಗಿ ಮುಚ್ಚಿ ಕೂತಿದ್ದರು. ಆಪರೇಷನ್ನಿಗೆಂದು ಬಳೆ ಬಿಚ್ಚಿಸಿದ್ದರು. ಬಳೆಯಿಲ್ಲದ ಅವರ ಕೈಯನ್ನು ನಾನು ನೋಡಿದ್ದು ಅದೇ ಮೊದಲು.

"ಯಾರ್ಲಾ ಅದು, ನಾನು ಅಂದಿದ್ದು? ಈ ದನಿ ಕೇಳೇ ಇಲ್ವಲ್ಲ ನಾನು."

ಅವರ ಕೈ ಹಿಡಿದುಕೊಂಡೆ. ಅವರ ಬೆರಳು ನನ್ನ ಕೈಯ ಕೂದಲ ಮೇಲೆ ಆಡಿ ನಿಂತಿತು.

"ಗಿಣಿ! ಇದಾ ನಿನ್ ಸ್ವಂತ ದನಿ?"

"ಹೂಂ ಖಾಲಾ."

"ಪರ್ವಾಗಿಲ್ಲ ಬುಡು, ಚೆನ್ನಾಗೈತೆ. ಇನ್ನೊಂಚೂರು ಜೋರಾಗಿ ಬರ್ಲಿ."

ಅಷ್ಟರಲ್ಲಿ ಆಚೆಯಿಂದ ಇನ್ನೊಂದು ಕೂಗು ಬಂತು: "ಇಲ್ಲಿ ಬೆಂಚಿನ್ ಮೇಲೆ ತಲೆ ಸುತ್ತಿ ಬಿದ್ದಿರೋ ತಾತನ ಕಡೆಯೋರು ಯಾರ್ರೀ?"

ಖಾಲಾ ಹಿಡಿದ ಕೈ ಬಿಡಲಿಲ್ಲ. ನಾನು ಇನ್ನೊಂದು ಕೈ ಎತ್ತಿದೆ.