ಬೆಳಗಿನ ಬಿಗಿ ಬೆರಳು

ಕೀಲುನೋವೆಂದರೆ ವಯಸ್ಸಾದವರ ಸ್ವಯಾರ್ಜಿತ ಆಸ್ತಿ ಎಂದು ತಿಳಿದಿದ್ದೆ. ನನಗೆ ಅದು ಮೂವತ್ತೈದು ತುಂಬುವ ಮೊದಲೇ ಬಂತು. ತೊಂಬತ್ತರ ದಶಕದ ಕೊನೆ, ನಾವಾಗ ಚಾಮರಾಜಪೇಟೆಯಲ್ಲಿದ್ದೆವು. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳುಗಳು ಮಡಚಲು ಒಪ್ಪುತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅವು ಸಡಿಲವಾಗುತ್ತಿದ್ದವು, ನಾನು ನೆಟ್ಟಗೆ ಆಫೀಸಿಗೆ ಹೋಗುತ್ತಿದ್ದೆ. ಅಡುಗೆಯ ಹೊತ್ತಿಗೆ ಬಂದು ಆಫೀಸಿನ ಹೊತ್ತಿಗೆ ಹೋಗುವ ನೋವನ್ನು ಯಾವ ಅತ್ತೆ ತಾನೇ ನಂಬಿಯಾರು? ನಮ್ಮತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಪಾತ್ರೆಗಳು ಮಾತ್ರ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದವು.

ಕಂಡವರೆಲ್ಲ ಅದನ್ನು ವಾಯು ಎಂದರು. ಒಬ್ಬರು ಆಲೂಗಡ್ಡೆ ಬಿಡಿಸಿದರು, ಇನ್ನೊಬ್ಬರು ಬದನೆಕಾಯಿ. ನನ್ನ ಗಂಡನಿಗೆ ಕೃಷ್ಣರಾಜ ಮಾರುಕಟ್ಟೆಯಲ್ಲಿ ತರಕಾರಿ ವ್ಯಾಪಾರ. ಈ ಕಾಯಿಲೆ ಊರಿಗೆಲ್ಲ ಬಂದರೆ ತಾವು ಅಂಗಡಿ ಮುಚ್ಚಬೇಕು ಎಂದು ನಗುತ್ತಿದ್ದರು. ಒಂದು ಬೆಳಿಗ್ಗೆ ರವಿಕೆಯ ಹುಕ್ಕು ಹಾಕಿಕೊಳ್ಳಲಾಗದೆ ನಾನು ಅಳುತ್ತ ಕೂತಾಗ ಆ ನಗು ನಿಂತಿತು. ಹುಕ್ಕು ಹಾಕಿದವರು ಅತ್ತೆ. ಊದಿದ ಬೆರಳಿನ ಬುಡ ಮುಟ್ಟಿ ನೋಡಿದರು, ಬಿಸಿಯಾಗಿತ್ತು. ಅಂದೇ ಬಸವನಗುಡಿಯ ಕೀಲುರೋಗದ ಡಾಕ್ಟರ ಬಳಿಗೆ ತಾವೇ ಕರೆದುಕೊಂಡು ಹೊರಟರು.

“ಬೆಳಿಗ್ಗೆ ಎದ್ಮೇಲೆ ಎಷ್ಟು ಹೊತ್ತು ಬಿಗಿ ಇರುತ್ತೆ?” ಎಂದು ಡಾಕ್ಟರು ಕೇಳಿದರು. ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ. ರಕ್ತಪರೀಕ್ಷೆಯಾದ ಮೇಲೆ ಹೆಸರು ಸಿಕ್ಕಿತು: ರುಮಟಾಯ್ಡ್ ಆರ್ಥ್ರೈಟಿಸ್. ಇದು ಸವೆತದ ನೋವಲ್ಲವಂತೆ. ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ರಕ್ಷಣಾಶಕ್ತಿ ತಪ್ಪು ತಿಳಿದು ಕೀಲುಗಳ ಒಳಪೊರೆಯ ಮೇಲೇ ಬೀಳುತ್ತದೆ. ಅದಕ್ಕೇ ಊತ, ಬಿಗಿತ, ಮೈಯೆಲ್ಲ ಸುಸ್ತು. ಸುಮ್ಮನೆ ಬಿಟ್ಟರೆ ಮೂಳೆ ಕೊರೆದು ಬೆರಳು ಸೊಟ್ಟಗಾಗಬಹುದು. ಕಣ್ಣಿಗೆ, ಶ್ವಾಸಕೋಶಕ್ಕೂ ತಟ್ಟಬಹುದು. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು.

ಅತ್ತೆ ಕೇಳಿದ್ದು ಒಂದೇ ಮಾತು. “ಹಾಗಾದ್ರೆ ಇವ್ಳು ಬೇಕೂಂತ ಮಾಡ್ತಿರ್ಲಿಲ್ಲ, ಅಲ್ವಾ?”

“ಇಲ್ಲಮ್ಮ. ಇಷ್ಟು ನೋವಿಟ್ಕೊಂಡು ಕೆಲ್ಸ ಮಾಡಿದ್ದೇ ಹೆಚ್ಚು.”

ಜೀವನಪೂರ್ತಿ ಜೊತೆಗಿರುವ ಕಾಯಿಲೆಯ ಹೆಸರು ಕೇಳಿ ಹಗುರಾದವಳು ನಾನೊಬ್ಬಳೇ ಇರಬೇಕು.

ವಾರಕ್ಕೊಮ್ಮೆ ಮಾತ್ರೆ, ಆಗಾಗ ರಕ್ತಪರೀಕ್ಷೆ ಶುರುವಾದವು. ಅತ್ತೆ ನನ್ನನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ. ಅವರು ಅಷ್ಟು ಮೆತ್ತಗೆ ಮಾತಾಡುವುದನ್ನು ಕೇಳಿ, ಡಾಕ್ಟರು ನನ್ನಿಂದ ಏನಾದರೂ ಮುಚ್ಚಿಟ್ಟಿದ್ದಾರೇನೋ ಎಂದು ಹೆದರಿದೆ. ಕೆಲವು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಮುಷ್ಟಿ ತಾನಾಗಿ ಮುಚ್ಚಿತು. ಓಡಿಹೋಗಿ ಅತ್ತೆಗೆ ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ಒದ್ದೆಯಾಗಿತ್ತು.

“ಸರಿ, ಹಾಗಾದ್ರೆ ಬಾ, ಚಪಾತಿ ಹಿಟ್ಟು ಕಲಸು,” ಎಂದರು.

ಕಾಯಿಲೆ ಹತೋಟಿಗೆ ಬರುತ್ತಿದೆ ಎಂದು ಡಾಕ್ಟರು ಹೇಳಿದಾಗ ಅರ್ಧ ನಂಬಿದ್ದೆ. ಮನೆಯವರು ಮತ್ತೆ ಕೆಲಸ ಹೇಳಿದ ಮೇಲೆ ಪೂರ್ತಿ ನಂಬಿದೆ.