ಮೂರನೆಯ ಮಾತು

ದಿಬ್ಬೂರಹಳ್ಳಿ ಸುತ್ತಿನ ಊರುಗಳಲ್ಲಿ ಸರ್ಕಾರಿ ನರ್ಸ್ ಆಗಿ ಮನೆಮನೆ ತಿರುಗಿದವಳು ನಾನು. ನಿವೃತ್ತಿಯಾದ ಮೇಲೂ ಕತ್ತಲಿರುವಾಗಲೇ ಏಳುವುದು, ಮನೆ ಗುಡಿಸಿ ಸ್ನಾನ ಮಾಡಿ ಕೆರೆ ಏರಿಯವರೆಗೆ ನಡೆದು ಬರುವುದು ತಪ್ಪಲಿಲ್ಲ. ಸುಮ್ಮನೆ ಕೂರಲು ಬಾರದ ನಮ್ಮಂಥವರು ಕೆಲವರು ಸೇರಿ ಒಂದು ಗುಂಪು ಕಟ್ಟಿದೆವು.

ಗುಂಪಿನದು ಮೂರೇ ಮಾತು. ಕೆರೆಗೆ ಬಿಡುವ ನಗರದ ಕೊಳಚೆ ನೀರನ್ನು ಪೂರ್ತಿ ಶುದ್ಧ ಮಾಡಿಯೇ ಬಿಡಬೇಕು. ತರಕಾರಿಗೋ ದ್ರಾಕ್ಷಿಗೋ ಔಷಧಿ ಹೊಡೆಯುವವರು ಪಕ್ಕದ ಹಿಪ್ಪುನೇರಳೆ ತೋಟದವರಿಗೆ ಮೊದಲೇ ತಿಳಿಸಬೇಕು. ಆ ಗಾಳಿ ಬಡಿದ ಸೊಪ್ಪು ತಿಂದರೆ ರೇಷ್ಮೆಹುಳು ಉಳಿಯುವುದಿಲ್ಲ. ಕೆರೆಗೆ ನೀರು ತರುವ ಕಾಲುವೆಯನ್ನು ಯಾರೇ ಒತ್ತಿಕೊಂಡಿರಲಿ, ಬಿಡಿಸಬೇಕು. ಪಂಚಾಯಿತಿಗೆ ಯಾರು ನಿಂತರೂ ಈ ಮೂರನ್ನೂ ಜನರೆದುರು ಒಪ್ಪಲಿ, ಒಪ್ಪಿದವರಿಗೆ ಓಟು. ನಮ್ಮವರು ಯಾರೂ ನಿಲ್ಲಕೂಡದು.

ಕಟ್ಟಳೆಗಳನ್ನು ಮಾಡಿದವಳು ನಾನೇ. ಹಾರ, ಶಾಲು, ಫೋಟೋ ಇಲ್ಲ. ಎಲ್ಲರೂ ಜಮಖಾನದ ಮೇಲೇ ಕೂರಬೇಕು. ಯಾರ ಮನೆಯಲ್ಲಿ ಸಭೆಯೋ ಅವರು ಅಂದು ಬಾಯಿ ಬಿಡುವಂತಿಲ್ಲ, ಮನೆಯ ಯಜಮಾನಿಕೆ ಸಭೆಗೆ ಬರಬಾರದು ಅಂತ.

ರೇಷ್ಮೆ ಬೆಳೆಯುವ ಒಬ್ಬ ಹಿರಿಯರಿದ್ದರು, ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರ ಇಬ್ಬರು ಮಕ್ಕಳು ಹುಟ್ಟಿದ್ದು ನನ್ನ ಕೈಯಲ್ಲಿ. "ನಂಗೆ ಮಾತಾಡಕ್ಕೆ ಬರಲ್ಲಮ್ಮ. ಸಭೆ ಎಲ್ಲಾ ನಮ್ಮನೇಲೇ ಮಾಡ್ಕೊಳಿ, ಜಗಲಿ ದೊಡ್ಡದಿದೆ" ಎಂದರು. ನನಗೆ ಸಂತೋಷವೇ ಆಯಿತು. ಹುಳುವಿಗೆ ಬೆಳಗಿನ ಸೊಪ್ಪು ಹಾಕಿ ಮುಗಿಸಿ ಜನ ಅಲ್ಲಿಗೆ ಬರುವರು. ಅಣ್ಣ ತುಟಿ ಬಿಚ್ಚುತ್ತಿರಲಿಲ್ಲ. ಜಮಖಾನ ಹಾಸುವುದು, ಖಾರದ ಪುರಿ ಹಂಚುವುದು, ಚಾ ಕೊಡುವುದು. ಸಭೆ ಮುಗಿದ ಮೇಲೆ ಒಬ್ಬೊಬ್ಬರನ್ನೂ ಗೇಟಿನವರೆಗೆ ಬಿಟ್ಟು, ಮಗಳ ಮದುವೆ, ಅತ್ತೆಯ ಮೊಣಕಾಲು ಎಲ್ಲ ವಿಚಾರಿಸಿ ಕಳಿಸುವುದು.

ಶಿಡ್ಲಘಟ್ಟದಿಂದ ಬರುತ್ತಿದ್ದ ರೀಲರ್ ಭಾಯಿ, ಗೂಡಿನಿಂದ ನೂಲು ತೆಗೆಸುವವರು, ಒಮ್ಮೆ ನನ್ನ ಕಿವಿಯ ಹತ್ತಿರ ಬಂದು, "ಸಿಸ್ಟರಮ್ಮ, ಗೂಡು ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿ ರೇಟು ಹೇಳ್ತೀನಿ ನಾನು. ಈ ನಿಮ್ಮಣ್ಣ ಅಲ್ಲಾಡಿಸಿದ್ರೂ ಸದ್ದೇ ಮಾಡಲ್ವಲ್ಲ" ಎಂದರು.

"ನಿಮ್ಮ ಹಾಗೆ ಎಲ್ಲರೂ ಲೊಟಲೊಟ ಅನ್ಬೇಕಾ?" ಎಂದೆ. ಅವರು ನಕ್ಕು ಚಾ ಕುಡಿದರು.

ಊರೂರು ಸುತ್ತುವ ಕೆಲಸ ನನ್ನದು. ಹೋದಲ್ಲೆಲ್ಲ ಹೆಂಗಸರ ಮೊದಲ ಪ್ರಶ್ನೆ ಒಂದೇ: "ಯಾರು ಕಳಿಸಿದ್ರಮ್ಮ?" ನನ್ನ ಉತ್ತರವೂ ಒಂದೇ: "ಯಾರೂ ಇಲ್ಲ. ನಮ್ಮ ಹಿಂದೆ ಯಾರೂ ನಿಂತಿಲ್ಲ." ಆ ಬಾಗಿಲುಗಳಲ್ಲಿ ನಾನು ಎಂದೂ ಸುಳ್ಳಾಡಿದವಳಲ್ಲ. ಸೂಜಿ ನೋಯುತ್ತದೆಯೇ ಎಂದು ಮಕ್ಕಳು ಕೇಳಿದಾಗಲೂ ನೋಯುತ್ತದೆ ಎಂದೇ ಹೇಳಿ ಚುಚ್ಚಿದವಳು.

ಚುನಾವಣೆ ಘೋಷಣೆಯಾಯಿತು. ಒಂದು ಬೆಳಿಗ್ಗೆ ಏರಿಯ ಮೇಲೆ ನಡೆಯುತ್ತಿದ್ದಾಗ ಮೈಕು ಕಟ್ಟಿದ ಆಟೋ ಬಂತು. ಕೆರೆಗೆ ಬಿಡುವ ನಗರದ ಕೊಳಚೆ ನೀರನ್ನು ಪೂರ್ತಿ ಶುದ್ಧ ಮಾಡಿಯೇ ಬಿಡಬೇಕು ಎಂದಿತು ಮೈಕು. ನಾನು ಬರೆದ ವಾಕ್ಯ, ನನ್ನದೇ ಪದಗಳು. ಒಪ್ಪಿಕೊಂಡ ಪುಣ್ಯಾತ್ಮ ಯಾರಪ್ಪ ಎಂದು ನಿಂತೆ. ಔಷಧಿಯ ಮಾತೂ ಬಂತು. ಮೂರನೆಯದಕ್ಕೆ ಕಾದೆ. ಅದರ ಬದಲು ಅಣ್ಣನ ಹೆಸರು ಬಂತು, ಗ್ಯಾಸ್ ಸಿಲಿಂಡರ್ ಗುರುತು ಬಂತು, ಮತ ಕೊಟ್ಟು ಗೆಲ್ಲಿಸಿ ಎಂದು ಬಂತು.

ಅಲ್ಲಿಂದ ನೇರ ಅವರ ಮನೆಗೆ ಹೋದೆ. ಜಗಲಿಯಲ್ಲಿ ಜಮಖಾನ ಇರಲಿಲ್ಲ. ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಅಣ್ಣ ಒಂದನ್ನು ನನ್ನ ಕಡೆ ಎಳೆದರು. ನಾನು ಕೂರಲಿಲ್ಲ.

"ನಮ್ಮವರು ಯಾರೂ ನಿಲ್ಲಲ್ಲ ಅಂತ ತಾನೇ ಮಾತಾಗಿದ್ದು?"

"ನಿಲ್ಲಲ್ಲ ಅಂತ ನಾನ್ಯಾವತ್ತಮ್ಮ ಅಂದೆ? ನೀನು ನನ್ನ ಮಾತಾಡಕ್ಕೆ ಬಿಟ್ಟಿದ್ರೆ ತಾನೇ" ಎಂದರು, ಮುಖದಲ್ಲಿ ನಗುವಿರಲಿಲ್ಲ. "ಜನಾನೇ ಬಂದು ನೀನೇ ನಿಂತ್ಕೊ ಅಂತ ಕೂತ್ರು. ನಿನ್ನ ಮಾತೇ ತಾನೇ ಹೇಳ್ತಿರೋದು?"

"ಮೂರನೇದೆಲ್ಲಿ?"

"ಕಾಲುವೆ ವಿಷಯ ಎತ್ತಿದ್ರೆ ಯಾರಮ್ಮ ಓಟು ಹಾಕ್ತಾರೆ? ಗೆದ್ಮೇಲೆ ನೋಡಣ. ಕಾಫಿ ಕುಡಿದು ಹೋಗು."

ಕುಡಿಯಲಿಲ್ಲ. ಅವರ ಮಕ್ಕಳನ್ನು ಮೊದಲು ಎತ್ತಿಕೊಂಡ ಮನೆ ಅದು. ಅಲ್ಲಿಂದ ಹಾಗೆ ಏನೂ ಮುಟ್ಟದೆ ಬಂದದ್ದು ಅದೇ ಮೊದಲು.

ಮರುದಿನದಿಂದ ಹೋದ ಮನೆಗಳಿಗೇ ಮತ್ತೆ ಹೊರಟೆ. ನಾನಾಡಿದ ಮಾತು ಸುಳ್ಳಾಗಿದೆ, ಹಾಗೆಂದು ಬಾಯಿಬಿಟ್ಟು ಹೇಳಬೇಕಿತ್ತು. ಮೊದಲ ಮನೆಯಾಕೆ ಸೊಪ್ಪು ಕತ್ತರಿಸುತ್ತಿದ್ದಳು. "ರಾಮ್ಮಾ, ಕೂತ್ಕೊಳಿ" ಎಂದು ತೆಲುಗು ಬೆರೆಸಿ ಕರೆದಳು. ನಮ್ಮ ಹಿಂದೆ ಯಾರೂ ಇಲ್ಲ ಎಂದಿದ್ದೆನಲ್ಲ, ಇದ್ದರು, ನನಗೆ ಗೊತ್ತಿರಲಿಲ್ಲ ಎಂದೆ.

ಆಕೆ ಕತ್ತಿ ನಿಲ್ಲಿಸಲಿಲ್ಲ. "ಅಯ್ಯೋ, ಅವರಿಗೋಸ್ಕರವೇ ತಿರುಗ್ತಿದೀರ ಅಂತ ಆವತ್ತೇ ಅಂದ್ಕೊಂಡ್ವಿ ಬಿಡಿ. ಬಾಯಿ ಬಿಟ್ಟು ಹೇಳಬಾರದೇನೋ ಅಂತ ನಾವೂ ಸುಮ್ನಿದ್ವಿ."

"ನಾನು ಹೇಳಿದ್ದು ನಿಜ ಅಂತ ಅನ್ನಿಸಲೇ ಇಲ್ವಾ?"

"ಯಾರೂ ಇಲ್ದೆ ಯಾರಮ್ಮ ಬಿಸಿಲಲ್ಲಿ ತಿರುಗ್ತಾರೆ?" ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದಳು. ಪಾಪ ಅನ್ನಿಸಿರಬೇಕು. "ಅವರು ಬೇಡ ಅಂದ್ರೆ ನೀವೇ ನಿಂತ್ಕೊಳಿ. ನಮ್ಮನೆ ಓಟೆಲ್ಲ ನಿಮಗೇ."

ಕಾಲುವೆ ಬಿಡಿಸಬೇಕು ಎಂಬ ಮಾತನ್ನು ಅವಳ ಬಾಗಿಲಲ್ಲೇ ಇನ್ನೊಮ್ಮೆ, ಮೊದಲು ಹೇಳಿದ ಹಾಗೆಯೇ ಹೇಳಿದೆ. ತಲೆಯಾಡಿಸಿದಳು. ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಚಪ್ಪಲಿ ಮೆಟ್ಟಿಕೊಂಡು ಅಲ್ಲಿಗೆ ಹೋದೆ.