ಮಕ್ಕಳ ರೂಮಿನ ಮೇಲೆ ಪಿಎಚ್.ಡಿ.

ಪದವಿ ಕೈಗೆ ಬರುವ ಎಷ್ಟೋ ಮೊದಲೇ ನಮ್ಮ ಮನೆಯಲ್ಲಿ ಅಕ್ಕನಿಗೆ ಡಾಕ್ಟರಮ್ಮ ಎಂಬ ಹೆಸರು ಬಿದ್ದಿತ್ತು. ಇಟ್ಟವರು ಅಪ್ಪ. "ಡಾಕ್ಟರಮ್ಮ, ನನ್ನ ಮಂಡಿನೋವಿಗೆ ನಿನ್ನ ಮ್ಯಾನೇಜ್‌ಮೆಂಟಲ್ಲಿ ಏನಾದ್ರೂ ಮದ್ದಿದೆಯೇನಮ್ಮ?" ಎಂದು ಕೇಳುವರು. ಅಕ್ಕ ಪುಸ್ತಕದಿಂದ ತಲೆಯೆತ್ತದೆ, "ಮಂಡಿನ ಔಟ್‌ಸೋರ್ಸ್ ಮಾಡಿ ಅಪ್ಪ" ಎನ್ನುವಳು. ಮದುವೆಯ ಮಾತೆತ್ತಿದರೆ ಥೀಸಿಸ್ ಮುಗೀಲಿ ಎನ್ನುವಳು. ಥೀಸಿಸ್ ಮುಗಿಯಲಿಲ್ಲ, ಕೇಳಿಕೊಂಡು ಬರುವವರು ಮಾತ್ರ ನಿಂತುಹೋದರು.

ಮುಗಿಯದಿರಲು ಕಾರಣ ಸೋಮಾರಿತನವಲ್ಲ. ಅಧ್ಯಯನಕ್ಕೆಂದು ಒಳಗೆ ಬಿಟ್ಟುಕೊಳ್ಳುವ ಕಂಪನಿಯೇ ಅವಳಿಗೆ ಸಿಗುತ್ತಿರಲಿಲ್ಲ. ಆಗ ನಾನು ಹೆರಿಗೆ ರಜೆ ಮುಗಿಸಿ ಗಾರ್ಮೆಂಟ್ಸ್ ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ವಾಪಸಾಗಿದ್ದೆ. ಕ್ಯಾಂಟೀನಿನ ಹಿಂದೆ ಮಕ್ಕಳ ರೂಮಿತ್ತು. ಗೋಡೆಯ ಮೇಲೆ ಬಣ್ಣ ಉದುರಿದ ಆನೆ, ಕಿಟಕಿಯ ಸರಳಿಗೆಲ್ಲ ಒಣಹಾಕಿದ ಚಿಕ್ಕ ಚಿಕ್ಕ ಚಡ್ಡಿ, ಅಷ್ಟೂ ಮಕ್ಕಳಿಗೆ ಒಬ್ಬಳೇ ಆಯಾ. ನನ್ನ ಮಗಳನ್ನು ಅಲ್ಲಿ ಬಿಟ್ಟು ಮೇಲೆ ಹೋದರೆ ಕಂಪ್ಯೂಟರಿನಲ್ಲಿ ನನಗೆ ಅಂಕಿಗಳು ಕಾಣಿಸುತ್ತಿರಲಿಲ್ಲ, ಅವಳ ಕೆಮ್ಮು ಕೇಳಿಸುತ್ತಿತ್ತು. ಒಂದು ದಿನ ನಾನು ಮರೆತುಬಂದ ಸಿರಪ್ ಕೊಡಲು ಬಂದ ಅಕ್ಕ ಊಟದ ಬಿಡುವಿನವರೆಗೂ ಅಲ್ಲೇ ಕುಳಿತಳು. ಹೊಲಿಗೆಯ ಹೆಂಗಸರು ಓಡೋಡಿ ಬಂದು ಹಾಲು ಕುಡಿಸಿ, ಕೈಯಲ್ಲಿದ್ದ ತುತ್ತನ್ನು ನಡೆಯುತ್ತಲೇ ನುಂಗಿ ಮಷಿನ್ನಿಗೆ ಮರಳುವುದನ್ನು ನೋಡಿದಳು.

"ಮಗು ಹತ್ರ ಇದ್ರೆ ತಾಯಿ ಕೈ ಓಡುತ್ತೆ ಕಣೇ. ಅದರಿಂದ ಕಂಪನಿಗೆ ಎಷ್ಟು ಲಾಭ ಅಂತ ನಾನು ತೋರಿಸ್ತೀನಿ" ಎಂದಳು ಸಂಜೆ. ನಾನೇ ಎಚ್.ಆರ್. ಮ್ಯಾನೇಜರನ್ನು ಕಂಡು ಅನುಮತಿ ಕೊಡಿಸಿದೆ. ಥೀಸಿಸ್ಸಿನ ಒಂದು ಪ್ರತಿ ಕಂಪನಿಗೆ ಕೊಡಬೇಕು ಎಂಬುದೊಂದೇ ಅವರ ಷರತ್ತು.

ಪ್ರಶ್ನಾವಳಿಯನ್ನು ಕ್ಯಾಂಟೀನಿನಲ್ಲೇ ತುಂಬಿಸಿದಳು. ಈ ಕೊಠಡಿ ಇಲ್ಲದಿದ್ದರೂ ನೀವು ಕೆಲಸಕ್ಕೆ ಬರಬಲ್ಲಿರಾ ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ 'ಖಂಡಿತ' ಎಂದು ಗುರುತು ಹಾಕಿದ್ದರು. ಅಕ್ಕ ಕಂಗಾಲಾದಳು. ಅವಳಿ ಮಕ್ಕಳನ್ನು ಆ ರೂಮಿನಲ್ಲಿ ಬಿಟ್ಟು ಕಾಲರ್ ಹೊಲಿಯುವವಳೊಬ್ಬಳಿದ್ದಳು, ಮನೆಯಲ್ಲಿ ದಿಕ್ಕಿಲ್ಲದವಳು. ಅವಳನ್ನು ಹಿಡಿದು ಕೇಳಿದಳು.

"ಅಲ್ಲಮ್ಮ, ನಿನ್ನ ಮಕ್ಕಳನ್ನ ನೋಡ್ಕೊಳ್ಳೋರೇ ಇಲ್ಲ. ಮತ್ತೆ ಯಾಕೆ ಹೀಗೆ ಹಾಕಿದೆ?"

"ಕೆಲಸಕ್ಕೆ ಸೇರುವಾಗ ಕೇಳ್ತಾರಲ್ಲಕ್ಕ, ಮಗು ಚಿಕ್ಕದು, ಹೇಗಮ್ಮ ಬರ್ತೀಯ ಅಂತ. ಆಗ್ಲೂ ಇದನ್ನೇ ಹೇಳಿದ್ದು. ಆಗೊಂದು ಈಗೊಂದು ಹೇಳಕ್ಕಾಗುತ್ತಾ?"

"ನಾನು ಕಂಪನಿಯವಳಲ್ಲ."

"ಗೇಟಲ್ಲಿ ನಿಮ್ಮನ್ನ ಬಿಟ್ಟೋರು ಯಾರಕ್ಕ ಮತ್ತೆ?"

ಅಕ್ಕ ಇದನ್ನೇ ಒಂದು ಅಧ್ಯಾಯವಾಗಿ ಬರೆದಳು: ಈ ಉತ್ತರಗಳು ಹೆದರಿಕೆಯ ಉತ್ತರಗಳು, ನಾನು ಕಣ್ಣಾರೆ ಕಂಡದ್ದು ಬೇರೆ. ಗೈಡ್ ಕನ್ನಡಕವನ್ನು ಹಣೆಗೇರಿಸಿದರು. "ಡೇಟಾ ಹೇಳಿದ್ದನ್ನ ಬರಿಯಮ್ಮ. ನಿನ್ನ ಕರುಳು ಹೇಳಿದ್ದನ್ನ ಡೈರಿಲಿ ಬರ್ಕೋ." ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಕಾಲಾವಕಾಶವೂ ಮುಗಿಯುತ್ತಾ ಬಂದಿತ್ತು. ಹೆಂಗಸರನ್ನು ಹೊಸದಾಗಿ ಕೇಳಿಬರಲು ಹೊರಟರೆ ನೋಂದಣಿಯೇ ರದ್ದು. ಆ ವಾರ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. ಅಧ್ಯಾಯ ಹೋಯಿತು. ಅದರ ಜಾಗದಲ್ಲಿ 'ಅಧ್ಯಯನದ ಮಿತಿಗಳು' ಎಂಬ ಕಡೆ ಒಂದೂವರೆ ಸಾಲು ಉಳಿಯಿತು.

ಹೀಗೆ ಅವಳು ನಿಜವಾಗಿಯೂ ಡಾಕ್ಟರಮ್ಮನಾದಳು. ಅಪ್ಪ ಆ ಹೆಸರಿನಿಂದ ತಮಾಷೆ ಮಾಡುವುದನ್ನು ಬಿಟ್ಟರು.

ಕೊಟ್ಟ ಪ್ರತಿಯನ್ನು ಎಚ್.ಆರ್. ಮ್ಯಾನೇಜರ್ ಓದಿದರು. ಕಂಪನಿಗಳಲ್ಲಿ ಯಾರೂ ಥೀಸಿಸ್ ಓದುವುದಿಲ್ಲ ಎಂದುಕೊಂಡಿದ್ದೆವು. ತಿಂಗಳು ತುಂಬುವುದರೊಳಗೆ ಕ್ಯಾಂಟೀನಿನ ಬಾಗಿಲಿಗೆ ನೋಟಿಸು ಅಂಟಿತು: ಮಕ್ಕಳ ಕೊಠಡಿಯ ಅಗತ್ಯವಿಲ್ಲವೆಂದು ಅಧ್ಯಯನದಿಂದ ಕಂಡುಬಂದಿರುವುದರಿಂದ ಅದನ್ನು ಮುಚ್ಚಲಾಗುವುದು. ಲಿಫ್ಟಿನಲ್ಲಿ ಸಿಕ್ಕ ಮ್ಯಾನೇಜರ್ ನಗುತ್ತಾ, "ನಿಮ್ಮಕ್ಕಂದೇ ಅಲ್ವಾ? ತುಂಬಾ ಸೈಂಟಿಫಿಕ್ ಆಗಿದೆ, ಮೇಡಂ" ಎಂದರು. ಅವರು ಕುಹಕವಾಡಲಿಲ್ಲ. ಮನಸಾರೆ ಮೆಚ್ಚಿದ್ದರು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಕಾರ್ಖಾನೆ ಬಿಡುವ ಹೊತ್ತಿಗೆ ಅಕ್ಕ ಗೇಟಿನ ಹೊರಗೆ ಬಂದು ನಿಂತಳು. ರೂಮು ಬೇಕೇ ಬೇಕು ಎಂದು ಬರೆದುಕೊಡಿ, ನನ್ನ ಅಧ್ಯಯನದಲ್ಲಿ ತಪ್ಪಿದೆ ಎಂದು ನಾನೂ ಬರೆಯುತ್ತೇನೆ ಎಂದು ಒಬ್ಬೊಬ್ಬರನ್ನೂ ಬೇಡಿದಳು. ಹೆಂಗಸರು ಬ್ಯಾಗು ಎದೆಗವಚಿಕೊಂಡು ಪಕ್ಕಕ್ಕೆ ಸರಿದು ನಡೆದರು. ಕಾಲರ್ ಹೊಲಿಯುವವಳು ಮಾತ್ರ ನಿಂತಳು.

"ಕುರಿ ಕೇಳಿ ಮಸಾಲೆ ಅರೀತಾರಾ ಅಂತಾರಲ್ಲಕ್ಕ. ನೀವು ಪಾಪ ಕೇಳೇ ಅರೆದ್ರಿ."

"ಒಂದು ಸಹಿ ಮಾಡು ಸಾಕು."

"ಮಾಡಿದ್ರೆ ಮಕ್ಕಳ ಜೊತೆ ನಾನೂ ಮನೇಲೇ ಇರ್ತೀನಿ. ಆಗ ರೂಮ್ ಯಾಕೆ?"

ನೋಟಿಸಿನ ಗಡುವು ಮುಗಿದ ಮೇಲೆ ಅವಳು ಬರಲಿಲ್ಲ. ಅವಳ ಮಷಿನ್ನಿನ ಮುಂದೆ ಮದುವೆಯಾಗದ ಹುಡುಗಿಯೊಬ್ಬಳು ಕುಳಿತಳು.

ನನ್ನ ಮಗಳಿಗಾದರೋ ದೊಡ್ಡಮ್ಮ ಇದ್ದಳು. ಕೆಲಸವಿಲ್ಲದ ಡಾಕ್ಟರೇಟು ದಿನವಿಡೀ ಮಗುವಿಗೆ ಅನ್ನ ಕಲಸುತ್ತಾ, ನಡುನಡುವೆ ಕಾಲೇಜುಗಳಿಗೆ ಅರ್ಜಿ ಹಾಕುತ್ತಾ ಮನೆಯಲ್ಲಿತ್ತು. ನಾನು ಗಳಿಗೆಗೊಮ್ಮೆ ಫೋನು ಮಾಡುವೆ: ಮಲಗಿದಳಾ, ಮೈ ಬಿಸಿ ಇದೆಯಾ? "ನಿನ್ನ ಮಗಳು ಚೆನ್ನಾಗಿದ್ದಾಳೆ. ನೀನು ಯಾರಿಗಾದ್ರೂ ತೋರಿಸ್ಕೋ" ಎನ್ನುವಳು ಅಕ್ಕ. ಹಾಗೆ ಅನ್ನುವಾಗ ಮಾತ್ರ ಅವಳ ಹಳೆಯ ದನಿ ಕೇಳುತ್ತಿತ್ತು.

ಕೊನೆಗೆ ಒಂದು ಖಾಸಗಿ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಆಗಿದ್ದನ್ನು ಅವಳೇ ಅಡುಗೆಮನೆಯ ಕಟ್ಟೆಗೆ ಒರಗಿ ಹೇಳಿದಳು. ಸಮಿತಿಯವರು ಪ್ರಶ್ನೆ ಕೇಳಿ ಬೇಸತ್ತಿದ್ದರಂತೆ. ಒಬ್ಬರು ಆಕಳಿಸುತ್ತಾ, "ನಿಮ್ಮ ಸಂಶೋಧನೆ ಕಪಾಟು ಬಿಟ್ಟು ಹೊರಗೆಲ್ಲಾದ್ರೂ ಬಂದಿದೆಯಾ? ಯಾವುದಾದ್ರೂ ಸಂಸ್ಥೆ ಅದನ್ನ ಜಾರಿಗೆ ತಂದಿದೆಯಾ?" ಎಂದರಂತೆ.

"ನೀನೇನಂದೆ?"

"ಹೌದು ಸಾರ್, ಒಂದು ಕಾರ್ಖಾನೆ ತಂದಿದೆ ಅಂದೆ. ಎಲ್ಲರೂ ನೆಟ್ಟಗೆ ಕೂತ್ರು."

ಕೆಲಸ ಸಿಕ್ಕಿತ್ತು, ಸೋಮವಾರದಿಂದಲೇ. ಅಪ್ಪ ಹೊರಗಿನಿಂದ, "ಏನಂತೆ, ಏನಂತೆ?" ಎಂದು ಕೂಗುತ್ತಿದ್ದರು. ಅಕ್ಕ ನನ್ನ ಮಗಳ ಬಾಯಿ ಒರೆಸಿ, ಅವಳನ್ನು ನನ್ನ ತೋಳಿಗೆ ದಾಟಿಸಿ, ಕೈ ತೊಳೆಯಲು ನಲ್ಲಿಯ ಕಡೆ ತಿರುಗಿದಳು. ಸೋಮವಾರದಿಂದ ಮಗುವಿಗೆ ಯಾರು ಎಂದು ನಾನು ಕೇಳಲಿಲ್ಲ. ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.